ತಗಡಿನ ಸದ್ದು

ಮೊಖೊಟ್ಲೊಂಗಿನ ದಾರಿಯಲ್ಲಿ ಮೊಹಾಪಿಯ ಬೈಕು
ಹಿಮ ತುಳಿದು ಬರುತ್ತದೆ, ಮಂಗಳವಾರ, ಹನ್ನೊಂದಕ್ಕೆ.
ಬೆನ್ನ ಹಿಂದೆ ನೀಲಿ ಡಬ್ಬಿ, ಡಬ್ಬಿಯೊಳಗೆ
ಐದು ಹಳ್ಳಿಗಳ ರಕ್ತ.
ಹೆಸರಿಲ್ಲ, ಅಂಕಿ ಮಾತ್ರ.
"ಕೊನೆಗೆ ನಲವತ್ತೇಳು ಇರೋದು ನಂದು, ಅಕ್ಕಾ,"
ಅಂದುಬಿಟ್ಟ ಇವತ್ತು, ಕೈಗವಸು ಬಿಚ್ಚುತ್ತ.
ಅವನು ಹೇಳಬಾರದಿತ್ತು. ನಾನು ಕೇಳಬಾರದಿತ್ತು.

ಹನ್ನೊಂದು ವರ್ಷದ ಮಾತ್ರೆ. ಒಂದು ರಾತ್ರಿ ತಪ್ಪಿಸಿದವನಲ್ಲ.
ವೈರಸ್ಸು ಯಂತ್ರದ ಕಣ್ಣಿಗೂ ಸಿಗದು ಈಗ.
ಆದರೂ ಘಟ್ಟ ಹತ್ತುವಾಗ ಎದೆ
ನಡುನಡುವೆ ಒಂದು ಬಡಿತ ನುಂಗುತ್ತದಂತೆ.

ನಾನು ಹುಡುಕುವುದು ಕಳ್ಳನನ್ನಲ್ಲ, ಕೂಗನ್ನು.
ಒಂದು ಕೋಶ ಇನ್ನೊಂದಕ್ಕೆ ಸಾರುವ ಡಂಗುರ;
ಪುಸ್ತಕದಲ್ಲಿ ಅದರ ಹೆಸರು ಇಂಟರ್‌ಲ್ಯೂಕಿನ್.

ಮೊದಲ ವಾರಗಳಲ್ಲಿ ಕೂಗೆದ್ದಿತು, ಕಾವಲಿನವರು ಓಡಿ ಬಂದರು.
ಅವನಿಗೆ ಬೇಕಾದದ್ದೂ ಅದೇ:
ಓಡಿ ಬಂದವರ ಒಡಲನ್ನೇ ಕೊಟ್ಟಿಗೆ ಮಾಡಿಕೊಂಡು
ಅಲ್ಲೇ ಸಂಸಾರ ಹೂಡಿದ.
ಅವರು ಸತ್ತಂತೆ ಇನ್ನಷ್ಟು ಕೂಗು, ಇನ್ನಷ್ಟು ಜನ.
ಕೋಟೆ ಸೂರೆಹೋದದ್ದು ದಿಡ್ಡಿ ಬಾಗಿಲು ಮುಚ್ಚದ್ದಕ್ಕಲ್ಲ,
ಎಲ್ಲರೂ ಬಾಗಿಲಿಗೇ ಓಡಿ ಬಂದದ್ದಕ್ಕೆ.

ತಟ್ಟೆಯಲ್ಲಿ ತೊಂಬತ್ತಾರು ಕುಳಿ, ಕಡಲೆ ಗಾತ್ರದವು.
ನೀಲಿ ಏಳುತ್ತದೆ; ಆಮ್ಲ ಬಿದ್ದರೆ ಹಳದಿ.
ಹಳದಿ ಗಟ್ಟಿಯಾದಷ್ಟೂ ಕೂಗು ಗಟ್ಟಿ.
ನಲವತ್ತೇಳು
ಅರಿಸಿನ ಕದಡಿದ ಹಾಗಿದೆ.

ಸಂಜೆವರೆಗೆ ಕಾದಿದ್ದ. ಮುಖ ನೋಡಿಯೇ ಕೇಳಿದ:
"ಯಾರೂ ಇಲ್ಲ ಅಂತೀರಿ. ಮತ್ತೆ ಯಾರನ್ನ ಕರೀತಿವೆ?"
ಇಲ್ಲವೆಂದಲ್ಲ ತಮ್ಮಾ, ಎಲ್ಲೋ ಕೆಲವರೊಳಗೆ ಮಲಗಿದ್ದಾನೆ;
ಅಂದು ಕುಸಿದ ಕರುಳಿನ ಗೋಡೆ ಪೂರ್ತಿ ಎದ್ದಿಲ್ಲ;
ಇನ್ನುಳಿದದ್ದು... ಅಭ್ಯಾಸ ಇರಬೇಕು.

ನಕ್ಕ. ನಮ್ಮವ್ವನ ಹಾಗೆ ಅಂದ.
ದನಗಳ್ಳರು ಬಂದು ಹೋಗಿ ಹದಿನಾರು ವರ್ಷ,
ಕಲ್ಲಿನ ದೊಡ್ಡಿಯಲ್ಲಿ ಈಗ ಒಂದು ಕರುವೂ ಇಲ್ಲ,
ನಡುರಾತ್ರಿ ಕಂಬಳಿ ಹೊದ್ದು ಎದ್ದು
ಮಾಮೊಹಾಪಿ ತಗಡು ಬಡಿಯುತ್ತಾಳೆ.
ಬಡಿದು ಬಡಿದು ಕೈಯ ಕೀಲು ಊದಿದೆ.
ತಗಡು ಬಚ್ಚಿಟ್ಟರು. ಕೊಡಪಾನ ಬಡಿದಳು.
ಈಗ ಇವನೂ ಎದ್ದು ಹೋಗುತ್ತಾನೆ,
ಗೋಡೆಯುದ್ದಕ್ಕೂ ಟಾರ್ಚು ಬಿಡುತ್ತಾನೆ:
ನೋಡವ್ವ, ಇಲ್ಲಿಲ್ಲ. ಇಲ್ಲೂ ಇಲ್ಲ.
ಕೆಲವು ರಾತ್ರಿ ನಿಲ್ಲಿಸುತ್ತಾಳೆ.

ಅಂಥ ಟಾರ್ಚು ನಮ್ಮ ಕಪಾಟಿನಲ್ಲಿ ಇನ್ನೂ ಇಲ್ಲ.
ಎದೆಯನ್ನು ಡಾಕ್ಟರಿಗೆ ತೋರಿಸು ಅಂದೆ.
ಖಾಲಿ ಡಬ್ಬಿ ಕೊಟ್ಟೆ.
ಮೂರನೆಯ ಒದೆತಕ್ಕೆ ಎದ್ದಿತು ಬೈಕು.
ನಾಯಿಗಳೆಲ್ಲ ಒಟ್ಟಿಗೇ ಬೊಗಳಿದವು,
ಅವನು ತಿರುವು ದಾಟಿದ ಮೇಲೂ,
ಬಹಳ ಹೊತ್ತು.