ಎರಡು ಚೀಟಿ

ಬೈತಖೋಲ ಬಂದರಿನಿಂದ ನೇರ ಬಂದಳು ಶೇವಂತಿ ತಾಂಡೇಲ,
ಸೊಂಟಕ್ಕೆ ಕೈ, ಸೆರಗಿಗಂಟಿದ ತಾರ್ಲೆಯ ಹುರುಪೆ.
ಎಲುಬು ಡಾಕ್ಟರರ ಚೀಟಿ: ಟಿಜಾನಿಡಿನ್, ರಾತ್ರಿಗೊಂದು.

‘ಬೇರೆ ಮಾತ್ರೆ ಏನಾದರೂ?’
‘ಇಲ್ಲ’ ಅಂದಳು,
ಹಿಂದೆ ನಿಂತ ನಾದಿನಿಗೆ ಕೇಳುವಷ್ಟು ಜೋರಾಗಿ.

ದುಡ್ಡು ತೆಗೆವಾಗ ಚೀಲದಿಂದ ಇಣುಕಿತು ಫ್ಲುವಾಕ್ಸಮಿನ್,
ಮನಸ್ಸಿನ ಗುಳಿಗೆ;
ಮನೆಯಲ್ಲಿ ಅದಕ್ಕೆ ವಿಟಮಿನ್ ಎಂದು ಹೆಸರು.

ಒಂದನ್ನೊಂದು ಕಾಣದ ಎರಡು ಸಹಿ.
ಹೊಟ್ಟೆಯಲ್ಲಿ ಕೂಡಿದರೆ ರಕ್ತದೊತ್ತಡ ಇಳಿಯುತ್ತದೆ
ಭರತಿ ಮರೆತ ಇಳಿತದ ಹಾಗೆ;
ಬೆಳಗಿನ ಜಾವ ಬುಟ್ಟಿಗೆಂದು ಎದ್ದವಳು
ಹೊಸ್ತಿಲಲ್ಲೇ ಕುಸಿದಾಳು.

ಚಿಲ್ಲರೆ ಇಲ್ಲವೆಂದು ನಾದಿನಿಯನ್ನು ಎದುರಂಗಡಿಗೆ ಅಟ್ಟಿದೆ.
ಗಲ್ಲಾ ತುಂಬ ಚಿಲ್ಲರೆಯಿತ್ತು.
‘ಎರಡೂ ಒಟ್ಟಿಗೆ ಬೇಡ, ಬಾಯಿ. ಇದನ್ನು ಕೊಡಲಾರೆ.
ಅದನ್ನು ನೀವಾಗಿ ಬಿಡಬೇಡಿ.
ಡಾಕ್ಟರಿಗೆ ನಾನೇ ಫೋನ್ ಹಚ್ಚುತ್ತೇನೆ.’

ಅವಳು ಹುರುಪೆ ಕೆರೆಯುತ್ತ ಕೇಳಿದಳು:
‘ಹೆಸರು ಹೇಳಬೇಕಾ?’