ಕುರಿ ಬಿತ್ತು

ನಮ್ಮ ಶಿರಾದ ಕಡೆ ಕುರಿ ಅಂದರೆ ಕುರಿ.
ನಾಲ್ಕು ಕಾಲು, ಮೋಟು ಬಾಲ, ಮೈತುಂಬ ಉಣ್ಣೆ.
ಇಲ್ಲಿ ಕುಂಬಳೆಯಲ್ಲಿ ಕುರಿ ಅಂದರೆ ಚೀಟಿ.
ಇಪ್ಪತ್ತು ಜನ, ತಿಂಗಳಿಗೆ ತಲಾ ಸಾವಿರ,
ಮೊದಲ ಭಾನುವಾರ ಅಸರ್ ಬಾಂಗಿನ ಹೊತ್ತಿಗೆ
ಬೀಫಾತುಮ್ಮನ ಜಗಲಿಯಲ್ಲಿ.

ಮದುವೆಯಾಗಿ ಬಂದ ವರ್ಷ
‘ನಮಗೂ ಒಂದು ಕುರಿ ಉಂಟು’ ಅಂದರು ಇವರು.
ಹಿತ್ತಲಿಗೆ ಹೋಗಿ ಹುಡುಕಿದೆ.
ಅತ್ತೆ ಈಗಲೂ ಅದನ್ನು ಹೇಳಿ ನಗುತ್ತಾರೆ,
ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು.

ಇವರಿಗೆ ಐಸ್ ಪ್ಲಾಂಟಿನಲ್ಲಿ ಹದಿನಾಲ್ಕು ಸಾವಿರ,
ಮಳೆಗಾಲದಲ್ಲಿ ದೋಣಿ ಇಳಿಯದಿದ್ದರೆ ಒಂಬತ್ತು.
ನನ್ನದು ನೈಟಿ ಹೊಲಿಗೆ.
ಒಂದಕ್ಕೆ ಹದಿನೆಂಟು ರೂಪಾಯಿ, ಜೇಬು ಇಟ್ಟರೆ ಇಪ್ಪತ್ತು.
ಹೆಂಗಸರು ಯಾಕೆ ಜೇಬು ಕೇಳುತ್ತಾರೆಂದು
ಅಂಗಡಿಯವನಿಗೆ ಗೊತ್ತಿಲ್ಲ.

ಬಳೆ ಎರಡೂ ಸೊಸೈಟಿ ಬ್ಯಾಂಕಿನಲ್ಲಿ,
ಬೇರೆ ಬೇರೆ ವರ್ಷ, ಬೇರೆ ಬೇರೆ ಕಷ್ಟಕ್ಕೆ ಇಟ್ಟದ್ದು.
ಅಡವಿಗೆ ಇಲ್ಲಿನವರು ಪಣಯ ಅನ್ನುತ್ತಾರೆ.
ನಮ್ಮಲ್ಲಿ ಪಣ ಅಂದರೆ ಜೂಜಿನಲ್ಲಿ ಒಡ್ಡುವುದು.
ಈ ಒಂದು ಪದವನ್ನು ಮಾತ್ರ
ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ನೋಟೀಸು ಬರುವುದು ಮಲಯಾಳದಲ್ಲಿ.
ದುಂಡು ದುಂಡು ಅಕ್ಷರ,
ಬಳೆಗಳನ್ನು ಸಾಲಾಗಿ ಇಟ್ಟ ಹಾಗೆ.
ಆರನೇ ಕ್ಲಾಸಿನ ಮಗಳು ಓದಿ ಹೇಳುತ್ತಾಳೆ.
ಅಂಕಿ ಬಂದಲ್ಲಿ ಅವಳ ದನಿ ಸಣ್ಣದಾಗುತ್ತದೆ.
ಅಂಕಿ ನನಗೂ ಓದಲು ಬರುತ್ತದೆ, ಮಗಾ,
ಎಂದು ಇನ್ನೂ ಹೇಳಿಲ್ಲ.

ನನ್ನ ಲೆಕ್ಕ ಕನ್ನಡದಲ್ಲಿ, ಕ್ಯಾಲೆಂಡರಿನ ಬೆನ್ನಿಗೆ:
ಕರೆಂಟು, ಗ್ಯಾಸು, ಅತ್ತೆಯ ಬಿಪಿ ಮಾತ್ರೆ, ಇತರೆ.
ಇತರೆಯಲ್ಲಿ ಏನೇನಿದೆಯೆಂದು ಇವರು ಕೇಳಿಲ್ಲ.
ಕೇಳಿದರೆ ಹೇಳುವುದೂ ಇಲ್ಲ.

ಈ ಸಲ ಸ್ಟೀಲ್ ಲೋಟ ಕುಲುಕಿ
ಬೀಫಾತುಮ್ಮನ ಮೊಮ್ಮಗ ಎತ್ತಿದ ಚೀಟಿಯಲ್ಲಿ ನನ್ನ ಹೆಸರು.
ಹನ್ನೊಂದನೇ ತಿಂಗಳು.
ಖುಷಿ ತಡೆಯದೆ ಅಪ್ಪನಿಗೆ ಫೋನು ಹಚ್ಚಿದೆ:
‘ಅಪ್ಪಾ, ಕುರಿ ಬಿತ್ತು!’
‘ಅಯ್ಯೋ, ಯಾವ ಕಾಯ್ಲೆಯವ್ವಾ?
ಬಾಯಾಗೆ ನೊರೆ ಬಂದಿತ್ತೇನು?’

ಬಿಡಿಸಿ ಹೇಳಿದೆ. ಉಸಿರು ಬಿಡದೆ ಕೇಳಿದ.
ಅಪ್ಪನಿಗೆ ಬ್ಯಾಂಕು ಅಂದರೆ ರೊಪ್ಪ.
ಅಕ್ಕನ ಬಾಣಂತನಕ್ಕೆ ಎರಡು ಟಗರು,
ನನ್ನ ಪರೀಕ್ಷೆ ಫೀಸಿಗೆ ಒಂದು ಮರಿ.
ಆ ಮರಿಗೆ ನಾನೇ ಹೆಸರಿಟ್ಟಿದ್ದೆ. ಇರಲಿ.

‘ಮೊದಲೇ ಎತ್ತಿಕೊಂಡೋರು ಆಮೇಲೂ ಕಟ್ತಾರೇನು?’
‘ಕಟ್ಟಲೇಬೇಕು.’
‘ಹಂಗಾರೆ ಅವರದು ಸಾಲ. ಕಡೇಗೆ ಬಿದ್ದೋರದು ಉಳಿತಾಯ.
ನಡುವೆ ಬಿದ್ದ ನಿಂದು ಏನವ್ವಾ?’

ರಾತ್ರಿ ನೋಟುಗಳನ್ನು ಚಾಪೆಯ ಮೇಲೆ ಹರಡಿದೆ.
ಹನ್ನೊಂದು ಸಾವಿರ ನನ್ನದು. ಕಟ್ಟಿಯಾಗಿದೆ.
ಒಂಬತ್ತು ಇನ್ನೂ ಜಗಲಿಯವರದು.
ಯಾವುದು ಯಾವುದೆಂದು ಗುರುತೇ ಇಲ್ಲ.
ಅಪ್ಪನಾಗಿದ್ದರೆ
ಬೇರೆಯವರ ಒಂಬತ್ತಕ್ಕೂ ಕಿವಿ ಹಿಡಿದು
ಕೆಂಪು ಬಣ್ಣ ಹಚ್ಚುತ್ತಿದ್ದ.

ಸೋಮವಾರ ಸೊಸೈಟಿಯಲ್ಲಿ
ಬಡ್ಡಿ ಸೇರಿ ಹತ್ತೊಂಬತ್ತು ಸಾವಿರದ ಇನ್ನೂರು.
ಒಂದು ಬಳೆ ಬಂತು,
ಪ್ಲಾಸ್ಟಿಕ್ ಕವರಿನ ಒಳಗೆ, ನಂಬರು ಚೀಟಿ ಅಂಟಿಸಿಕೊಂಡು.
ಉಳಿದ ಎಂಟುನೂರರಲ್ಲಿ ಅತ್ತೆಯ ಮಾತ್ರೆ,
ಅರ್ಧ ಕಿಲೋ ಬೂತಾಯಿ, ಮಗಳಿಗೆ ಜಾಮಿಟ್ರಿ ಡಬ್ಬಿ.

ಬಸ್ಸಿನಲ್ಲಿ ಕಂಬಿ ಹಿಡಿದು ಕೈ ಅಲುಗಿಸಿ ನೋಡಿದೆ.
ಸದ್ದಿಲ್ಲ.
ಬಳೆ ಸದ್ದು ಮಾಡಲು ಇನ್ನೊಂದು ಬಳೆ ಬೇಕು.

ಮುಂದಿನ ಭಾನುವಾರದ ಸಾವಿರಕ್ಕೆ ಐವತ್ತು ನೈಟಿ.
ಐವತ್ತಕ್ಕೂ ಜೇಬು.