ಸುಣ್ಣದ ಲೆಕ್ಕ

(ರೋಮ್, ಹನ್ನೆರಡನೆಯ ಶತಮಾನ. ಸುಣ್ಣ ಸುಡುವ ಬೆನಿಂಕಾಸನ ಮಾತು)

ಕಲ್ಲು ಸುಡಲು ಮೂರು ಹಗಲು ಬೇಕು, ಮೂರು ರಾತ್ರಿ.
ಬೆಟ್ಟದ ಕಲ್ಲಾದರೆ ಇನ್ನೂ ಒಂದು.
ದೇವರ ಕಲ್ಲು ಬೇಗ ಬೇಯುತ್ತದೆ,
ಹಳೆಯ ದೇವರು, ಹೆಸರು ಕಳಕೊಂಡವರು:
ಮೊಣಕೈ, ತೊಡೆ, ಗುಂಗುರು ಗಡ್ಡ.
ಗೂಡಿನೊಳಗೆ ಒಂದರ ಮೇಲೊಂದು ಒಟ್ಟುತ್ತೇನೆ
ಗಾಳಿ ಆಡಲು ಸಂದು ಬಿಟ್ಟು.

ಪಾಪ ಅನ್ನುತ್ತೀರಾ?
ಪಾದ್ರಿಗಳೇ ಚೀಟಿ ಬರೆದುಕೊಟ್ಟಿದ್ದಾರೆ:
ದನ ಮೇಯುವ ಬಯಲಲ್ಲಿ ಅಗೆದಾಗ ಸಿಕ್ಕಿದ್ದೆಲ್ಲ ನಿನ್ನದು,
ಹತ್ತಕ್ಕೆ ನಾಲ್ಕು ಬುಟ್ಟಿ ಇಗರ್ಜಿಗೆ.

ಒಮ್ಮೆ ಅಕ್ಷರವಿರುವ ಹಲಗೆ ಬಂತು.
ಮಗಳು ರೊಗಾತ ಅದರ ಮೇಲೆ ಬೆರಳಾಡಿಸಿದಳು,
ಇರುವೆ ಸಾಲನ್ನು ಕೆಡಿಸದ ಹಾಗೆ.
ಪತ್ರ ಬರೆಯುವ ಗ್ವಾಲ್ಡೊನನ್ನು ಹಿಡಿದು ಓದಿಸಿದೆವು.
ಅರ್ಧ ತಿಳಿಯಿತು ಅವನಿಗೆ, ಉಳಿದರ್ಧಕ್ಕೆ ಕೆಮ್ಮಿದ:
ಯಾರೋ ಒಬ್ಬಳು, ದಾಸಿಯಾಗಿದ್ದವಳು,
ಬಿಡುಗಡೆಯಾದ ಮೇಲೆ ಮೀನಿನಂಗಡಿ ಇಟ್ಟವಳು,
ಗಂಡ ಹಾಕಿಸಿದ ಕಲ್ಲು. ಕೊನೆಯ ಸಾಲು ಒಡೆದಿತ್ತು.
‘ತೂಕದಲ್ಲಿ ಮೋಸ ಮಾಡಲಿಲ್ಲ’ ಎಂದಿರಬೇಕು, ಅಂದ.
‘ಮಾಡಿದಳು’ ಎಂದೂ ಇರಬಹುದು.

ಅದನ್ನೂ ಸುಟ್ಟೆ.
ರೊಗಾತ ಆ ರಾತ್ರಿ ಉಣ್ಣಲಿಲ್ಲ.
ಬೆಳಿಗ್ಗೆ ಎರಡು ಪಾಲು ತಿಂದಳು.

ಆಮೇಲೆ ಚಿತ್ರ ಬರೆಯುವ ಓದೆರಿಸಿಯೊ ಬಂದ,
ಗಾರೆಗೆ ಸುಣ್ಣ ಕೊಳ್ಳಲು.
ಗೂಡಿನ ಪಕ್ಕ ತಲೆಯಿಲ್ಲದವಳೊಬ್ಬಳು ಒರಗಿದ್ದಳು,
ಈಗಷ್ಟೇ ಹೊಳೆಯಿಂದ ಎದ್ದು ಬಂದ ಹಾಗೆ
ಮೊಣಕಾಲಿಗೆ ಬಟ್ಟೆ ಅಂಟಿಕೊಂಡಿತ್ತು.
ನಾಲ್ಕು ದಿನ ಇವಳನ್ನು ಮುಟ್ಟಬೇಡ, ಅಂದ.
ಹೆಂಚಿನ ಮೇಲೆ ಇದ್ದಿಲಿನಲ್ಲಿ ಗೀಚಿದ, ಉಜ್ಜಿದ, ಮತ್ತೆ ಗೀಚಿದ,
ಬರೀ ಆ ಒಂದು ನೆರಿಗೆ.
ಐದನೆಯ ದಿನ: ಆಯಿತು, ಸುಡು.

ಹರಳಿಗೆ ನೀರು ಹೊಯ್ದಾಗ ಅವಳು ಕೊತಕೊತ ಕುದಿದಳು,
ಒಂದು ಹನಿ ಹಾರಿ ನನ್ನ ಎಡಗಣ್ಣಿಗೆ.
ಒಂದು ಕಣ್ಣಿಗೆ ಸುಣ್ಣವೆಂದರೆ ಇನ್ನೊಂದಕ್ಕೆ ಬೆಣ್ಣೆ ಬೇಕಲ್ಲ?
ಹೆಂಡತಿ ಎಣ್ಣೆ ಬಿಟ್ಟಳು, ಬೈದಳು.
ಬೆಣ್ಣೆ ಯಾರೂ ತರಲಿಲ್ಲ.

ಈಗ ಇಗರ್ಜಿಯ ಗೋಡೆಯಲ್ಲಿ ಒಬ್ಬಳು ಸಂತಳು ನಿಂತಿದ್ದಾಳೆ,
ನೀಲಿ ಬಟ್ಟೆ, ಮೊಣಕಾಲಿನ ಮೇಲೆ ಅದೇ ನೆರಿಗೆ.
ಜನ ಮಂಡಿಯೂರುತ್ತಾರೆ. ನಾನೂ ಊರುತ್ತೇನೆ,
ಉಳಿದ ಕಣ್ಣಲ್ಲಿ ಬಣ್ಣ ನೋಡುವುದಿಲ್ಲ,
ಅದರಡಿಯ ಗಾರೆ ನೋಡುತ್ತೇನೆ. ನನ್ನ ಗೂಡಿನದು.
ಮೀನಿನವಳು ಎಲ್ಲಿ ಹೋದಳೋ,
ಬಾಗಿಲ ಬಳಿ ಇರಬಹುದು, ಅಲ್ಲಿ ಗೋಡೆ ತುಸು ಬೂದು.
ರೊಗಾತ ಮೂಗು ಒತ್ತಿ ನೋಡಿದಳು:
ವಾಸನೆ ಇಲ್ಲಪ್ಪಾ.

ಆಲ್ಪ್ಸ್ ದಾಟಿ ಬಂದ ಯಾತ್ರಿಕರಿಗೆ ಪಾದ್ರಿ ಹೇಳುತ್ತಾನೆ,
ಇದೆಲ್ಲ ಹೊಸತು, ನಮ್ಮ ಕಾಲದ್ದು.
ತಲೆಯಾಡಿಸುತ್ತೇನೆ, ದೊಡ್ಡವರ ಮಾತು.
ಆದರೆ ಸುಣ್ಣಕ್ಕೆ ಅವಸರವಿಲ್ಲ,
ಗಾಳಿ ಕುಡಿದು ಕುಡಿದು ಮತ್ತೆ ಕಲ್ಲಾಗುತ್ತದೆ
ಮೊಮ್ಮಕ್ಕಳ ಕಾಲಕ್ಕೆ.
ಆಗ ಇನ್ಯಾರೋ ಗೂಡು ಹೊತ್ತಿಸುತ್ತಾರೆ.

ಅಂದ ಹಾಗೆ, ಆರು ಬುಟ್ಟಿಯ ಹಣ
ಪಾದ್ರಿ ಇನ್ನೂ ಕೊಟ್ಟಿಲ್ಲ.